ಬೀರುವಿನೊಳಗೊಂದು ಹೊಳೆ

ಒಂದೇ ತೊಟ್ಟಿಯಲ್ಲಿ ನಿಂತ ನೀರು ಬಹಳ ಸಾಧು. ಅದನ್ನೇ ಮೇಲೊಂದು ಕೆಳಗೊಂದು ತೊಟ್ಟಿಗಳ ನಡುವೆ ಓಡಾಡಲು ಬಿಟ್ಟಿರೋ, ಅದಕ್ಕೆ ಸ್ವಂತ ಅಭಿಪ್ರಾಯಗಳು ಹುಟ್ಟಿಕೊಳ್ಳುತ್ತವೆ. ಇಷ್ಟು ತಿಳಿದೂ ಅಕ್ವೇರಿಯಂ ಹುಚ್ಚಿನವರು ಸ್ಟ್ಯಾಂಡಿನ ಬಾಗಿಲ ಹಿಂದೆ ಒಂದು ಸಂಪ್ ಇಡಿಸುತ್ತಾರೆ. ಮೇಲೆ ತುಂಬಿ ಹೆಚ್ಚಾದ ನೀರು ಪೈಪಿನಲ್ಲಿ ಇಳಿದು ಬಂದು, ಸ್ಪಂಜಿನಲ್ಲಿ ಸೋಸಿಕೊಂಡು, ಸೆರಾಮಿಕ್ ಚೂರುಗಳ ಸಂದಿಯಲ್ಲಿ ನುಸುಳಿ, ಪಂಪಿನ ಬಾಯಿಗೆ ಬಿದ್ದು ಮತ್ತೆ ಮೇಲಕ್ಕೆ. ಹೀಟರು, ವಯರು, ಕೊಳೆ ಎಲ್ಲ ಕೆಳಗೆ. ಹಾಲಿಗೆ ಬಂದವರಿಗೆ ಕಾಣುವುದು ತಿಳಿನೀರು ಮಾತ್ರ.

ನಮ್ಮ ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 250 ಲೀಟರ್, ಅಂದರೆ ಕಾಲು ಟನ್. ಮನೆ ಎರಡನೆಯ ಮಹಡಿಯಲ್ಲಿ. ಹಾಗಾಗಿ ಈ ವಿಷಯದಲ್ಲಿ ನನಗಿಂತ ಹೆಚ್ಚಿನ ಆಸಕ್ತಿ ಕೆಳಮನೆಯ ರಾಯರಿಗೆ.

ಬಡಾವಣೆಯ ಬಚ್ಚಲುಗಳನ್ನೆಲ್ಲ ಬಲ್ಲ ಪ್ಲಂಬರನ್ನು ಕರೆಸಿದೆ. ಕುಣಿಗಲ್ ಕಡೆಯವರು. ನಾನು ಬರೆದಿಟ್ಟ ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದರು.

"ಸಾರ್, ನೀರು ಕೆಳಕ್ ಬರ್ಬೇಕಾ, ಮೇಲಕ್ ಹೋಗ್ಬೇಕಾ?"

"ಎರಡೂ."

"ಕೆಳಕ್ ಬಂದಿದ್ದು ಮತ್ಯಾಕ್ ಮೇಲಕ್ಕೆ?"

"ಮತ್ತೆ ಕೆಳಗೆ ಬರೋಕೆ."

ಅವರು ಅಡುಗೆಮನೆಯ ಕಡೆ ತಿರುಗಿ, "ಮೇಡಂ, ನಿಮ್ಗೂ ಒಪ್ಗೆನಾ?" ಎಂದು ವಿಚಾರಿಸಿಕೊಂಡ ಮೇಲೇ ಚೀಲ ಬಿಚ್ಚಿದ್ದು.

ಮೊದಲ ಕೆಲಸ ಗಾಜಿಗೆ ತೂತು. ಟಫನ್ಡ್ ಗಾಜಾದರೆ ಕೊರೆಯುವಂತಿಲ್ಲ, ಕೊರೆದರೆ ಇಡೀ ಹಾಳೆ ಪುಡಿಪುಡಿ. ನಮ್ಮದು ಸಾದಾ ಗಾಜು. ಡೈಮಂಡ್ ಬಿಟ್ಟನ್ನು ಓರೆಯಾಗಿ ಹಿಡಿದು ಮೊದಲು ಅರ್ಧಚಂದ್ರದ ಗೀರು ಮೂಡಿಸಿ, ಆಮೇಲೆ ನೆಟ್ಟಗೆ ಮಾಡಿದರು. ನಾನು ಲೋಟದಿಂದ ನೀರು ಹನಿಸುತ್ತಿದ್ದೆ; ಗಾಜಿನ ಹಿಟ್ಟು ಬೆಳ್ಳಗೆ ಕಲಸಿಕೊಂಡು ಅಂಚಿಗೆ ಹರಿಯುತ್ತಿತ್ತು. ಕೊನೆಯ ಕ್ಷಣದಲ್ಲಿ ಒತ್ತಬಾರದು, ಒತ್ತಿದರೆ ಆಚೆ ಬದಿ ಚಕ್ಕೆ ಏಳುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಕೆಮ್ಮಲಿಲ್ಲ. ಕೊನೆಗೆ ರೂಪಾಯಿಗಿಂತ ಕೊಂಚ ದೊಡ್ಡದಾದ ಗಾಜಿನ ಬಿಲ್ಲೆ ಟಣ್ಣೆಂದು ಬಿತ್ತು. ಆ ತೂತಿಗೆ ಟ್ಯಾಂಕ್ ನಿಪ್ಪಲ್, ರಬ್ಬರ್ ವಾಷರ್.

ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 3000 ಲೀಟರ್ ಎಂದಿತ್ತು. ಅದು ಒಂದಿಂಚೂ ಎತ್ತದೆ ಎದುರಿಗೆ ಉಗುಳಿದಾಗಿನ ಪೌರುಷ. ನಾಲ್ಕಡಿ ಏರು, ದಾರಿಯಲ್ಲಿ ಮೂರು ಎಲ್ಬೋ ಎಂದ ಕೂಡಲೇ ಅರ್ಧಕ್ಕಿಳಿಯಿತು. ಬೇಸರವಿಲ್ಲ. ತೊಟ್ಟಿಯ ನೀರು ಗಂಟೆಗೆ ಐದಾರು ಸುತ್ತು ಬಂದರೆ ಸಿಹಿನೀರಿಗೆ ಧಾರಾಳ.

ಇಳಿಯುವ ಪೈಪಿನದು ಬೇರೆ ಕಥೆ. ನೀರು ಒಂಟಿಯಾಗಿ ಇಳಿಯುವುದಿಲ್ಲ, ಗಾಳಿಯನ್ನೂ ಜೊತೆಗೆಳೆದುಕೊಂಡು ಬರುತ್ತದೆ. ಆಗಿನ ಸದ್ದು ಕೊನೆಯ ಪಂಕ್ತಿಯಲ್ಲಿ ಕೂತು ಪಾಯಸ ಸುರಿಯುವವರದ್ದೇ. ರಾತ್ರಿ ಎರಡಕ್ಕೆ ಅದು ಬೀರುವಿನೊಳಗಿಂದ ಕೇಳಿದರೆ ನೆಂಟರು ಹಾಸಿಗೆ ಸುತ್ತಿಡುತ್ತಾರೆ. ಮದ್ದು ಇದೆ: ಇಳಿಯುವ ಪೈಪಿಗೆ ಗೇಟ್ ವಾಲ್ವ್ ಹಾಕಿ ಕೂದಲೆಳೆಯಷ್ಟು ಬಿಗಿಯುತ್ತಾ ಹೋಗಬೇಕು. ಪೈಪು ಪೂರ್ತಿ ನೀರಿನಿಂದ ತುಂಬಿ ಗಾಳಿಗೆ ಜಾಗವೇ ಇಲ್ಲದಂತಾದ ಗಳಿಗೆಯಲ್ಲಿ ಸದ್ದು ಪಕ್ಕನೆ ಕಟ್ಟಾಗುತ್ತದೆ. ಇನ್ನೊಂದು ಎಳೆ ಬಿಗಿದರೆ ಮೇಲಿನ ತೊಟ್ಟಿ ತುಂಬತೊಡಗುತ್ತದೆ. ಅದಕ್ಕೆಂದೇ ತುಸು ಎತ್ತರದಲ್ಲಿ ಎರಡನೆಯ ಪೈಪು. ಮೊದಲನೆಯದಕ್ಕೆ ಬಸವನಹುಳುವೋ ಎಲೆಯೋ ಸಿಕ್ಕಿಕೊಂಡರೆ ಮಾತ್ರ ಅದಕ್ಕೆ ಪೂರ್ತಿ ಕೆಲಸ. ಉಳಿದ ದಿನ ಸುಮ್ಮನೆ ನಿಂತಿರುತ್ತದೆ. ಸರ್ಕಾರಿ ಹುದ್ದೆ ಎಂದು ನನ್ನ ಹೆಂಡತಿ ಅದಕ್ಕೆ ಹೆಸರಿಟ್ಟಿದ್ದಾಳೆ.

ಇಷ್ಟೆಲ್ಲ ಆದ ಮೇಲೆ ಪ್ಲಂಬರು ಸಾಲ್ವೆಂಟ್ ಡಬ್ಬಿ ಮುಚ್ಚುತ್ತಾ ಕೇಳಿದರು: "ಕರೆಂಟ್ ಹೋದ್ರೆ?"

ಸಂಪ್ ಶಾಸ್ತ್ರವೆಲ್ಲ ಇರುವುದು ಈ ಎರಡು ಪದಗಳಲ್ಲಿ. ಪಂಪು ನಿಂತೊಡನೆ ಮೇಲೇರುವ ಪೈಪಿನ ನೀರು ಹಿಂದಕ್ಕೆ ಹೊರಳುತ್ತದೆ. ಪೈಪಿನ ಬಾಯಿ ಮೇಲಿನ ತೊಟ್ಟಿಯಲ್ಲಿ ಮುಳುಗಿದ್ದರೆ ಅದೇ ಸೈಫನ್. ಸ್ಕೂಟರಿನಿಂದ ಪೆಟ್ರೋಲ್ ಎಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ತೊಟ್ಟಿಯಲ್ಲಿ ಒಂದಿಂಚು ನೀರೆಂದರೆ 14 ಲೀಟರ್. ಬಾಯಿ ನಾಲ್ಕಿಂಚು ಆಳದಲ್ಲಿದ್ದರೆ ಐವತ್ತಾರು ಲೀಟರ್ ಸಂಪಿಗೆ, ಸಂಪಿನಲ್ಲಿ ಹಿಡಿಸದ್ದು ರಾಯರಿಗೆ. ನೀರನ್ನು ಹಿಂದಕ್ಕೆ ಬಿಡದ ಎನ್‌ಆರ್‌ವಿ ವಾಲ್ವ್ ಹಾಕಿದರೆ ಸಾಲದೇ ಎನ್ನುತ್ತಾರೆ. ಪಾಚಿಯ ಒಂದು ಎಳೆ ಸಿಕ್ಕಿಕೊಂಡರೆ ಅದು ಅರ್ಧ ಬಾಯಿ ತೆರೆದೇ ಮಲಗುತ್ತದೆ. ನನಗಂತೂ ಅದರ ಮೇಲೆ ಭರವಸೆಯಿಲ್ಲ. ನಂಬಬೇಕಾದದ್ದು ತೂತನ್ನು: ಏರುವ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಕಡ್ಡಿ ತೂರುವಷ್ಟು ರಂಧ್ರ. ನೀರು ಅಲ್ಲಿಗಿಳಿದೊಡನೆ ಗಾಳಿ ಒಳಹೊಕ್ಕು ಸೈಫನ್ ಮುರಿಯುತ್ತದೆ.

"ಓ, ನಮ್ಮ ಮಾರ್ಕೋನಹಳ್ಳಿ!" ಎಂದರು ಪ್ಲಂಬರು, ಮೊದಲ ಬಾರಿ ನನ್ನನ್ನು ಮನುಷ್ಯನಂತೆ ನೋಡುತ್ತಾ. ಶಿಂಷಾ ನದಿಯ ಆ ಅಣೆಕಟ್ಟಿನಲ್ಲಿ ಮೈಸೂರಿನ ಇಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳಿವೆ. ಜಲಾಶಯ ತುಂಬಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾವಾಗಿ ಭೋರ್ಗರೆಯುತ್ತವೆ. ಮಟ್ಟ ಇಳಿದರೆ ಗಾಳಿ ಎಳೆದುಕೊಂಡು ತಾವಾಗಿ ನಿಲ್ಲುತ್ತವೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇದ್ದದ್ದು ಇವೇ. ಅದೀಗ ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ, ಬಿರುಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತದೆ. ಊರಿನ ಡ್ಯಾಮು ನೆನಪಾದ ಹುರುಪಿನಲ್ಲಿ ಪ್ಲಂಬರು ಪೈಪಿಗೆ ಎರಡು ತೂತು ಹಾಕಿದರು. "ಒಂದ್ಕಟ್ಕೊಂಡ್ರೆ ಇನ್ನೊಂದಿರ್ಲಿ ಸಾರ್."

ಪರೀಕ್ಷೆಗೆ ರಾಯರಿಗೂ ಆಹ್ವಾನವಿತ್ತು. ಅವರು ಮೇಲೆ ಬರಲೊಪ್ಪದೆ ತಮ್ಮ ಹಾಲಿನಲ್ಲೇ ನಿಂತು, ಫೋನು ಕಿವಿಗಿಟ್ಟುಕೊಂಡು ಸೂರು ನೋಡುತ್ತಿದ್ದರು. ಪ್ಲಂಬರು ಸ್ವಿಚ್ ಆರಿಸಿದರು. ಸಂಪಿನ ನೀರು ಒಂದೊಂದೇ ಬೆರಳು ಏರಿತು. ಅಂಚಿಗೆ ಇನ್ನೂ ಗೇಣು ಉಳಿದಿರುವಾಗ ಮೇಲೆ ಗೊರಕ್ಕೆಂದಿತು, ಏರಿಕೆ ನಿಂತಿತು.

"ಇಲ್ಲೇನೂ ತೊಟ್ಟಿಕ್ತಿಲ್ಲ," ಎಂದರು ರಾಯರು ಫೋನಿನಲ್ಲಿ, ತುಸು ನಿರಾಸೆಯಿಂದಲೇ. ಆಮೇಲೆ ಮೆಟ್ಟಿಲು ಹತ್ತಿ ಬಂದು, ಕನ್ನಡಕ ಸರಿಮಾಡಿಕೊಂಡು ತೊಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಹುಡುಕಿದರು.

"ಮೀನೆಲ್ರೀ?"

"ಇನ್ನೂ ಒಂದು ತಿಂಗಳು ಬಿಡೋ ಹಾಗಿಲ್ಲ ರಾಯರೇ. ಮೊದಲು ಬ್ಯಾಕ್ಟೀರಿಯಾ ಬೆಳೀಬೇಕು."

"ಮತ್ತೆ ಇದೆಲ್ಲ ಈಗ ಓಡ್ತಿರೋದು ಯಾರಿಗೋಸ್ಕರ?"

ನಾನು ಉತ್ತರ ಹುಡುಕುವಷ್ಟರಲ್ಲಿ ಪ್ಲಂಬರು ಬೀರುವಿನ ಬಾಗಿಲು ತೆರೆದು, "ಇಲ್ಲಿ ಬಗ್ಗಿ ನೋಡಿ ಸ್ವಾಮಿ, ವಾಲ್ವ್ ಹೆಂಗ್ ಕೂಂತೈತೆ," ಎಂದು ರಾಯರನ್ನು ನೆಲಕ್ಕೆ ಕೂರಿಸಿಯಾಗಿತ್ತು.