ಒಂದೇ ಬಾಟಲಿ, ಎರಡು ತರಗತಿ

ಪಿಯು ಕಾಲೇಜುಗಳ ಗಣಿತ ಮತ್ತು ಭೌತಶಾಸ್ತ್ರ ಉಪನ್ಯಾಸಕರಿಗೆ,



ಪ್ರಥಮ ಪಿಯುಸಿ ಶುರುವಾದ ಕೆಲವೇ ವಾರಗಳಲ್ಲಿ ಭೌತಶಾಸ್ತ್ರದ ಬೋರ್ಡಿನ ಮೇಲೆ ವೇಗ ‘ಡಿಎಕ್ಸ್ ಬೈ ಡಿಟಿ’ ಆಗುತ್ತದೆ. ಗಣಿತದ ಪುಸ್ತಕದಲ್ಲಿ ಅವಕಲನ ಬರುವುದು ವರ್ಷದ ಕೊನೆಗೆ. ಮರುವರ್ಷ ಅನುಕಲನದ ಸೂತ್ರಗಳನ್ನು ಉರುಹೊಡೆಯುವಾಗ ಚಲನೆಯ ಪಾಠ ಯಾರಿಗೂ ನೆನಪಿರುವುದಿಲ್ಲ. ಒಂದೇ ವಿದ್ಯೆಯನ್ನು ನಮ್ಮ ಮಕ್ಕಳು ಎರಡು ವಿದ್ಯೆಗಳೆಂದು ಕಲಿಯುತ್ತಿದ್ದಾರೆ.

ದಯವಿಟ್ಟು ಒಂದು ದಿನ ನೀವಿಬ್ಬರೂ ಒಟ್ಟಿಗೆ ತರಗತಿಗೆ ಹೋಗಿ. ಮೈ ನೇರವಾಗಿರುವ ಎರಡು ಲೀಟರಿನ ಬಾಟಲಿಯ ಬುಡದ ಬಳಿ ಸಣ್ಣ ತೂತು ಮಾಡಿ. ತೂತಿನಿಂದ ಮೇಲಕ್ಕೆ 1, 4, 9, 16 ಸೆಂಟಿಮೀಟರಿಗೆ ಗೆರೆ ಎಳೆಯಿರಿ. ನೀರು ತುಂಬಿ, ಮುಚ್ಚಳ ತೆಗೆದು, ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಲು ಮಕ್ಕಳಿಗೇ ಹೇಳಿ. 16ರಿಂದ 9ಕ್ಕೆ, 9ರಿಂದ 4ಕ್ಕೆ, 4ರಿಂದ 1ಕ್ಕೆ ನೀರು ಇಳಿಯಲು ಹೆಚ್ಚುಕಡಿಮೆ ಒಂದೇ ಸಮಯ ಹಿಡಿಯುತ್ತದೆ.

ಏಕೆ ಹೀಗೆ? ತೂತಿನಿಂದ ಚಿಮ್ಮುವ ನೀರಿನ ವೇಗ ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಇಟಲಿಯ ವಿಜ್ಞಾನಿ ಟಾರಿಚೆಲ್ಲಿ 1644ರಲ್ಲೇ ಪ್ರಕಟಿಸಿದ್ದ. ಆದ್ದರಿಂದ ಮಟ್ಟ ಇಳಿಯುವ ದರವೂ ಎತ್ತರದ ವರ್ಗಮೂಲವನ್ನೇ ಅನುಸರಿಸುತ್ತದೆ. ಈ ಅವಕಲ ಸಮೀಕರಣವನ್ನು ಗಣಿತದ ಮೇಷ್ಟ್ರು ಅನುಕಲಿಸಿದರೆ, ವರ್ಗಮೂಲ ಸಮಗತಿಯಲ್ಲಿ ಕುಗ್ಗುವುದು ಕಾಣುತ್ತದೆ: 4, 3, 2, 1. ಭೌತಶಾಸ್ತ್ರದ ಮೇಷ್ಟ್ರು ಅದೇ ಸಮೀಕರಣವನ್ನು ಇನ್ನೊಮ್ಮೆ ಅವಕಲಿಸಿದರೆ ಸ್ಥಿರ ವೇಗೋತ್ಕರ್ಷ ಸಿಗುತ್ತದೆ. ಮೇಲಕ್ಕೆಸೆದ ಕಲ್ಲಿಗೆ ಬರೆದ ಸಮೀಕರಣವೇ ಬಾಟಲಿಯಲ್ಲಿ ಇಳಿಯುವ ನೀರಿಗೂ ಸಲ್ಲುತ್ತದೆ!

ಮೊದಲ ಕ್ಷಣದ ದರದಲ್ಲೇ ಹರಿದಿದ್ದರೆ ಒಂದು ಗಂಟೆಯಲ್ಲಿ ಬರಿದಾಗಬೇಕಿದ್ದ ನೇರ ಗೋಡೆಯ ತೊಟ್ಟಿಗೆ, ಈ ಲೆಕ್ಕದ ಪ್ರಕಾರ ಎರಡು ಗಂಟೆ ಬೇಕು. ಮೊದಲ ಗಂಟೆಯಲ್ಲಿ ಮುಕ್ಕಾಲು ನೀರು ಹೋಗುತ್ತದೆ, ಉಳಿದ ಕಾಲು ಭಾಗಕ್ಕೆ ಇನ್ನೊಂದು ಗಂಟೆ. ಬರೀ ಗುಣಾಕಾರ ಭಾಗಾಕಾರ ನಂಬಿದವರು ಅರ್ಧಕ್ಕರ್ಧ ತಪ್ಪುತ್ತಾರೆ. ಕೆರೆಯ ತೂಬಿನ ಲೆಕ್ಕವೂ ಇದೇ ಜಾತಿಯದು. ಅಲ್ಲಿ ಮಟ್ಟ ಇಳಿದಂತೆ ನೀರಿನ ಹರವೂ ಕುಗ್ಗುವುದರಿಂದ ಅನುಕಲನ ಸ್ವಲ್ಪ ಕಠಿಣ, ಅಷ್ಟೇ. ಎಂಜಿನಿಯರ್ ಆಗಲಿರುವವರಿಗೆ ಈ ವಿದ್ಯೆ ಬೇಕಾಗಿರುವುದು ಇಂಥದ್ದಕ್ಕೇ.

ಚರಿತ್ರೆಯಲ್ಲೂ ಪ್ರಶ್ನೆಯೇ ಸೂತ್ರಕ್ಕಿಂತ ಮೊದಲು ಬಂದಿದೆ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು, ಹುಡುಕಿದ್ದು ಗ್ರಹಗಳ ಚಲನೆಯನ್ನು ಕರಾರುವಾಕ್ಕಾಗಿ ತಿಳಿಯಲು. ನಾವು ಮಾತ್ರ ಸೂತ್ರವನ್ನು ಮೊದಲು ಕೊಟ್ಟು, ಪ್ರಶ್ನೆಯನ್ನು ‘ಅನ್ವಯಗಳು’ ಎಂಬ ಅಧ್ಯಾಯಕ್ಕೆ ತಳ್ಳುತ್ತೇವೆ.

ಪಠ್ಯಕ್ರಮ ನಿಮ್ಮ ಕೈಯಲ್ಲಿಲ್ಲ, ಪರೀಕ್ಷೆಗಳ ಒತ್ತಡ ಬೇರೆ. ಅದು ನನಗೆ ಗೊತ್ತು. ಆದರೆ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂರುವ ನೀವಿಬ್ಬರು ಮಾತಾಡಿಕೊಳ್ಳಲು ಯಾವ ಇಲಾಖೆಯ ಆದೇಶವೂ ಬೇಕಿಲ್ಲ. ಜುಲೈ ತಿಂಗಳಲ್ಲೇ ಎರಡು ಪೀರಿಯಡ್ ಇದಕ್ಕೆ ತೆಗೆದಿಡಿ. ಮಕ್ಕಳು ಮೊದಲು ಅಳೆಯಲಿ, ಆಮೇಲೆ ಸೂತ್ರ ಕೇಳಲಿ.

ಇತಿ ನಿಮ್ಮ ವಿಶ್ವಾಸಿ,
ಗಣಿತದ ಮೇಲೆ ಪ್ರೀತಿಯುಳ್ಳ ಒಬ್ಬ ಓದುಗ