ದೀರ್ಘರಾತ್ರಿ ಪ್ರಕರಣದಲ್ಲಿ ಸಾರಥಿಯ ಲೋಪ: ಐದು ತಾಲ್ಲೂಕುಗಳ ಆಧಾರದಿಂದ ಒಂದು ಮೀಮಾಂಸೆ

‘ಗೇಮ್ ಆಫ್ ಥ್ರೋನ್ಸ್’ ಎಂಬ ಆಂಗ್ಲ ಮಹಾಕಾವ್ಯವು 8 ಪರ್ವ, 73 ಸಂಧಿಗಳಲ್ಲಿ ಹರಡಿಕೊಂಡಿದೆ. ಅದರ ಎಂಟನೆಯ ಪರ್ವದ ಮೂರನೆಯ ಸಂಧಿಗೆ ‘ದಿ ಲಾಂಗ್ ನೈಟ್’ ಎಂದು ಹೆಸರು. 2019ರ ಏಪ್ರಿಲ್ 28ರ ರಾತ್ರಿ ಅಮೆರಿಕದಲ್ಲಿ, ಮರುದಿನ ಬೆಳಗಾದ ಮೇಲೆ ನಮ್ಮಲ್ಲಿ ಬಿತ್ತರವಾದ ಈ 82 ನಿಮಿಷದ ಕಾಳಗದ ಮೇಲೆ ಲೋಕವೆಲ್ಲ ಹೊರಿಸಿದ ಆರೋಪ ಒಂದೇ: ಏನೂ ಕಾಣಲಿಲ್ಲ. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಕೊಟ್ಟ ಸಮಾಧಾನವೂ ದಾಖಲಾಗಿದೆ: ತಪ್ಪು ಚಿತ್ರದ್ದಲ್ಲ, ಜನ ತಮ್ಮ ಟಿವಿಯನ್ನು ಸರಿಯಾಗಿ ಹೊಂದಿಸಿಕೊಂಡಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ನನಗೆ ಸಿಕ್ಕಿಲ್ಲ.

ಎರಡೂ ಪಕ್ಷದವರು ಬೆಳಕಿನ ಬಗ್ಗೆಯೇ ಕಚ್ಚಾಡಿದರು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಬೇರೆ. ದೋಷ ದೀಪದ್ದಲ್ಲ, ಸಾರಥಿಯದು.

ಕ್ಷೇತ್ರಕಾರ್ಯ ನಡೆದದ್ದು ಕೂಡ್ಲಿಗಿ ತಾಲ್ಲೂಕಿನ ಒಂದು ಪಡಸಾಲೆಯಲ್ಲಿ. ಉಪಕರಣಗಳು: ಮೂಲೆ ಒಡೆದ ಮೊಬೈಲು ಒಂದು, ಅದನ್ನು ಒರಗಿಸಲು ನೀರಿನ ಚೊಂಬು ಒಂದು. ಸಹಸಂಶೋಧಕರು ನನ್ನ ಸೋದರಮಾವ. ಹರೆಯದಲ್ಲಿ ದೊಡ್ಡಾಟದ ಭೀಮ, ನಡುವಯಸ್ಸಿಗೆ ಬಾಣಾಸುರ, ಮಂಡಿ ನೋವು ಬಂದ ಮೇಲೆ ಧೃತರಾಷ್ಟ್ರ. ಇಂಗ್ಲಿಷ್ ಬಾರದು ಎಂಬುದು ಅವರ ಮುಖ್ಯ ಅರ್ಹತೆ, ಏಕೆಂದರೆ ಈ ಸಂಧಿಯಲ್ಲಿ ಇಂಗ್ಲಿಷ್ ಬಂದವರಿಗೂ ಏನೂ ತಿಳಿದಿಲ್ಲ.

ವಿಂಟರ್‌ಫೆಲ್ ಕೋಟೆಯ ಎದುರು ನಡೆಯುವ ಈ ಕಾಳಗದ ಆರಂಭದಲ್ಲೇ ಡೋಥ್ರಾಕಿ ಎಂಬ ಕುದುರೆ ದಂಡಿನವರು ಉರಿಯುವ ಕತ್ತಿ ಹಿಡಿದು ಕತ್ತಲೆಗೆ ನುಗ್ಗುತ್ತಾರೆ. ದೂರದಲ್ಲಿ ದೀಪಗಳು ಒಂದೊಂದಾಗಿ ಆರುತ್ತವೆ.

“ಲೈನ್ ಹೋತೇನ್ಲೇ?” ಎಂದರು ಮಾವ.

“ಇಲ್ಲ ಮಾವ. ಅವರೆಲ್ಲ ಸತ್ರು.”

“ಯಾರು?”

“ಡೋಥ್ರಾಕಿಯವರು.”

“ಯಾವೂರವರಂತ ಹೇಳಲಿಲ್ಲ, ಎದಕ್ಕೆ ಬಂದ್ರಂತ ಹೇಳಲಿಲ್ಲ, ಆಗಲೇ ಸತ್ರಾ? ಅಲ್ಲಿ ಕೇಳೋರು ಯಾರೂ ಇಲ್ಲೇನ್ಲೇ?”

ಕೇಳೋರು ಯಾರೂ ಇಲ್ಲ! ಈ ಸೂತ್ರವಾಕ್ಯದ ಮೇಲೆಯೇ ಮುಂದಿನ ಸಿದ್ಧಾಂತವೆಲ್ಲ ನಿಂತಿದೆ.

ದೊಡ್ಡಾಟ ಕಾಣದ ಪಂಡಿತರಿಗಾಗಿ ಸ್ವಲ್ಪ ವಿವರಣೆ ಬೇಕು. ನಮ್ಮ ಕಡೆ ಅಟ್ಟದ ಮೇಲೆ ಗಣಪತಿ ಸ್ತುತಿ ಮುಗಿದ ಮೇಲೆ ಪರದೆಯ ಹಿಂದಿನಿಂದ ಪಾತ್ರ ಬರುತ್ತದೆ. ಕಿರೀಟ, ಭುಜಕೀರ್ತಿ ತೊಟ್ಟು, ಹಲಗೆ ಮುರಿಯುವಂತೆ ನಾಲ್ಕು ಸುತ್ತು ಕುಣಿದು ನಿಂತಾಗ ಸಾರಥಿ ಎದುರಿಗೆ ಬಂದು ಕೈಮುಗಿಯುತ್ತಾನೆ. ತಾವು ಯಾರು, ಯಾವ ದೇಶ, ತಂದೆತಾಯಿ ಯಾರು, ಈ ರಂಗಸಭೆಗೆ ದಯಮಾಡಿಸಿದ ಕಾರಣವೇನು? ದುರ್ಯೋಧನನಿಗೂ ವಿನಾಯಿತಿ ಇಲ್ಲ. ಹಗಲು ಸಾರಥಿ ಇನ್ನೊಬ್ಬರ ದನ ಕಾಯುವವನಿರಬಹುದು, ದುರ್ಯೋಧನ ಊರಗೌಡನೇ ಇರಬಹುದು. ರಾತ್ರಿ ಮಾತ್ರ ಗೌಡ ತನ್ನ ವಿಳಾಸವನ್ನು ಆ ದನಗಾಹಿಗೆ ಒಪ್ಪಿಸದೆ ಒಂದು ಹೆಜ್ಜೆ ಮುಂದೆ ಇಡುವಂತಿಲ್ಲ. ಪ್ರೇಕ್ಷಕ ನಡುವೆ ನಿದ್ದೆ ಹೋಗಿ ಎದ್ದರೂ ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ ಎಂಬ ಗೊಂದಲ ಹುಟ್ಟುವುದಿಲ್ಲ.

ಇಲ್ಲಿ ಪೂರ್ವಪಕ್ಷದವರು ಮಿಸ್ಸಾಂಡೇಯ ಹೆಸರೆತ್ತಬಹುದು. ರಾಣಿ ಡೇನೆರಿಸ್ ಕಾಣಿಸಿಕೊಂಡಲ್ಲೆಲ್ಲ ಬಿರುಗಾಳಿಯಲ್ಲಿ ಹುಟ್ಟಿದವಳು, ಸಂಕೋಲೆ ಕಡಿದವಳು, ಡ್ರ್ಯಾಗನ್‌ಗಳ ತಾಯಿ ಎಂದು ಆಕೆ ಬಿರುದು ಓದುತ್ತಾಳಲ್ಲ? ಓದುತ್ತಾಳೆ, ನಿಜ. ಆದರೆ ಆಕೆ ಹೊಗಳುವವಳು, ಕೇಳುವವಳಲ್ಲ. ಸಾಲದ್ದಕ್ಕೆ, ತೀರಾ ಬೇಕಾಗಿದ್ದ ಈ ರಾತ್ರಿಯಲ್ಲೇ ಆಕೆಯನ್ನು ನೆಲಮಾಳಿಗೆಗೆ ಕಳಿಸಿಬಿಟ್ಟಿದ್ದಾರೆ.

ಬಿರುದಿನ ವಿಷಯದಲ್ಲಿ ಕೂಡ್ಲಿಗಿಯೂ ಸೇರಿ ನಮ್ಮ ಐದು ತಾಲ್ಲೂಕುಗಳೂ ಆ ರಾಣಿಗೆ ಕಡಿಮೆಯಿಲ್ಲ. ಹಂಪಿಗೆ ಹೂವು ಕಳಿಸಿದ ಕೀರ್ತಿಯನ್ನು ಹೆಸರಿನ ಮುಂದೆಯೇ ಮುಡಿದ ಹಡಗಲಿ. ಕೂಡ್ಲಿಗಿಯಿಂದ ಪಾಲು ತೆಗೆದುಕೊಂಡು ತಾಲ್ಲೂಕಾದ ಕೊಟ್ಟೂರು. ಬಸ್ಸಿನ ಬೋರ್ಡಿನಲ್ಲಿ ಹಿಡಿಸದೆ ಎಚ್.ಬಿ.ಹಳ್ಳಿಯಾದ ಹಗರಿಬೊಮ್ಮನಹಳ್ಳಿ. ಇನ್ನು ಹರಪನಹಳ್ಳಿಯನ್ನು ಸಾರಥಿ ತಡೆದು ಕೇಳಿದನೆನ್ನಿ. “ಎಲೈ ಸಾರಥಿ, ಬಳ್ಳಾರಿಯಲ್ಲಿ ಜನಿಸಿ, 1997ರಲ್ಲಿ ದಾವಣಗೆರೆಗೆ ದತ್ತುಹೋಗಿ, 2018ರಲ್ಲಿ ತವರಿಗೆ ಮರಳಿ, ಗಂಟು ಬಿಚ್ಚುವಷ್ಟರಲ್ಲಿ 2021ರಲ್ಲಿ ವಿಜಯನಗರಕ್ಕೆ ಸಂದ ತಾಲ್ಲೂಕು ಯಾರೆಂದು ಕೇಳಿಬಲ್ಲೆ?” ಎಂದು ಅದು ಮೀಸೆ ತಿರುವಬಹುದು. ಏಳು ರಾಜ್ಯಗಳ ಸಿಂಹಾಸನಕ್ಕಾಗಿ ಬಡಿದಾಡಿದ ಯಾವ ಮನೆತನವೂ ಒಂದೇ ಪಹಣಿಯನ್ನು ಹಿಡಿದುಕೊಂಡು ಮೂರು ಜಿಲ್ಲಾ ಕಚೇರಿಗಳ ಮೆಟ್ಟಿಲು ಹತ್ತಿಲ್ಲ.

ಇದೇ ಹರಪನಹಳ್ಳಿಯ ಪಾಳೆಗಾರರು 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಮದಕರಿನಾಯಕನಿಗೆ ಎದುರು ನಿಂತಿದ್ದರು. ನಾಯಕ ಅಲ್ಲಿಯೇ ಬಿದ್ದ. ಎರಡೂವರೆ ಶತಮಾನ ದಾಟಿದರೂ ಯಾರು ಯಾರ ಕಡೆಗಿದ್ದರೆಂದು ಹೇಳಬಹುದು. ವಿಂಟರ್‌ಫೆಲ್ ಕಾಳಗದಲ್ಲಿ ಇಪ್ಪತ್ತನೆಯ ನಿಮಿಷಕ್ಕೇ ಇದು ಅಸಾಧ್ಯವಾಗುತ್ತದೆ.

ವಿಂಟರ್‌ಫೆಲ್‌ನ ಮನೆತನದ ಘೋಷವಾಕ್ಯವನ್ನು, ಚಳಿಗಾಲ ಬರುತ್ತಿದೆ ಎಂಬುದನ್ನು, ಮಾವನಿಗೆ ಅನುವಾದಿಸಿ ಹೇಳಿದೆ. ಏಪ್ರಿಲ್ ತಿಂಗಳ ಕೊನೆ. ಕೈಯಲ್ಲಿದ್ದ ಬೀಸಣಿಗೆ ನಿಲ್ಲಿಸಿ, “ಎಂದು?” ಎಂದು ಆಸೆಯಿಂದ ಕೇಳಿದರು.

ಈ ಸಂಧಿಯಲ್ಲಿ ಮಾವ ಚೊಂಬು ಸರಿಸಿ ಮುಂದೆ ಬಾಗಿ ನೋಡಿದ ಭಾಗ ಒಂದಿದೆ. ಮಾರ್ಮಂಟ್ ಎಂಬ ಮನೆತನದ ಹುಡುಗಿ ಲಿಯಾನಾ, ಹತ್ತಾಳುದ್ದದ ರಾಕ್ಷಸನ ಮುಷ್ಟಿಯಲ್ಲಿ ನುಗ್ಗಾಗುತ್ತಲೇ ಅವನ ಕಣ್ಣಿಗೆ ಇರಿದು ಕೆಡವುತ್ತಾಳೆ. ಆ ಮನೆತನದ ಲಾಂಛನ ಕರಡಿ. ಈಗ ಸಾಕ್ಷ್ಯಗಳನ್ನು ಕೂಡಿಸಿ ನೋಡಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಬಂಡೆಗಳ ಮೇಲೆ ಪಾಳೆಗಾರರ ಕೋಟೆ ಇದೆ. ಸುತ್ತ ಕರಡಿಧಾಮ ಇದೆ. ಹೈದರಾಲಿಯ ಸೈನಿಕರನ್ನು ಚಿತ್ರದುರ್ಗದ ಕಿಂಡಿಯಲ್ಲಿ ಒನಕೆಯಿಂದ ಒಬ್ಬೊಬ್ಬರಾಗಿ ಕೆಡವಿದ ಓಬವ್ವನ ತವರು ಅದೇ ಗುಡೇಕೋಟೆ ಎಂಬ ಮಾತು ಈ ಕಡೆ ಗಟ್ಟಿಯಾಗಿದೆ. ಕರಡಿ, ಕೋಟೆ, ದಂಡಿಗೆ ಹೆದರದ ಹೆಣ್ಣುಮಗಳು. ಮಾರ್ಮಂಟ್ ಮನೆತನ ಗುಡೇಕೋಟೆಯಿಂದ ವಲಸೆ ಹೋದದ್ದೆಂದು ಸಾಧಿಸಲು ಇನ್ನೇನು ಬೇಕು? ಒನಕೆಯೊಂದೇ ಕೊರತೆ. ಅದನ್ನು ದಾರಿಯಲ್ಲಿ ಕಳೆದುಕೊಂಡಿರಬೇಕು.

ಪ್ರತಿನಾಯಕನಾದ ನೈಟ್ ಕಿಂಗನ ವಿಚಾರಕ್ಕೆ ಬರೋಣ. ಇವನು ಮೊದಲಿಂದ ಕಡೆಯವರೆಗೆ ಒಂದು ಮಾತನ್ನೂ ಆಡುವುದಿಲ್ಲ. ಪಾಶ್ಚಾತ್ಯ ವಿದ್ವಾಂಸರು ಇದನ್ನು ಗಾಂಭೀರ್ಯವೆಂದು ವ್ಯಾಖ್ಯಾನಿಸಿದ್ದಾರೆ. ಮಾವನ ವ್ಯಾಖ್ಯಾನ ಬೇರೆ: “ಮಾತು ಬಾಯಿಪಾಠ ಆಗಿಲ್ಲ. ರೊಕ್ಕ ಕೊಟ್ಟು ಪಾರ್ಟು ಹಿಡಿದಾನೆ.” ತಾಲೀಮಿಗೆ ಬಾರದೆ, ಎಲ್ಲರಿಗಿಂತ ಹೆಚ್ಚು ವಂತಿಗೆ ಕೊಟ್ಟು, ಆಟದ ದಿನ ಕಿರೀಟ ಹಾಕಿಕೊಂಡು ಸುಮ್ಮನೆ ನಿಲ್ಲುವವರನ್ನು ಬಲ್ಲವರಿಗೆ ಈ ವಾದದ ತೂಕ ತಿಳಿಯುತ್ತದೆ. ಕೊನೆಗೆ ವಿಂಟರ್‌ಫೆಲ್ ಮನೆತನದ ಹುಡುಗಿ ಆರ್ಯಾ ಹಾರಿಬಂದು, ಒಂದು ಕೈಯಿಂದ ಜಾರಿದ ಚೂರಿಯನ್ನು ಇನ್ನೊಂದರಲ್ಲಿ ಹಿಡಿದು ತಿವಿದಾಗ ಅವನು ಗಾಜಿನಂತೆ ಒಡೆದುಹೋದ. ನಮ್ಮ ಬಾಣಾಸುರ ಸೋಲಲಿಕ್ಕೆ ಕೋಳಿ ಕೂಗಬೇಕು. ಸಾಯುವವರೂ ನಮ್ಮಲ್ಲಿ ಒಂದು ಪದ ಹಾಡಿಯೇ ಬೀಳುತ್ತಾರೆ.

ಆರ್ಯಾಳಿಗೆ ಈ ಕೆಲಸ ನೆನಪಿಸುವವಳು ಮೆಲಿಸಾಂಡ್ರ ಎಂಬ ಕೆಂಪು ಸೀರೆಯ ಜೋಗಿಣಿ. ಸೀರೆಯಲ್ಲ, ನಿಲುವಂಗಿ; ಕತ್ತಲೆಯಲ್ಲಿ ಮಾವ ಸೀರೆ ಎಂದೇ ನಮೂದಿಸಿದ್ದಾರೆ. ಕಂದು, ನೀಲಿ, ಹಸಿರು ಕಣ್ಣುಗಳನ್ನು ನೀನು ಮುಚ್ಚುವೆ ಎಂದು ಈಕೆ ಮೂರನೆಯ ಪರ್ವದಲ್ಲಿ ನುಡಿದಿದ್ದಳು. ಎಂಟನೆಯದರಲ್ಲಿ ಅದೇ ಮಾತು ಕಂದು, ಹಸಿರು, ನೀಲಿ ಎಂದು ಮಗುಚಿಕೊಂಡಿದೆ, ನೈಟ್ ಕಿಂಗನ ಕಣ್ಣು ನೀಲಿಯಾದ್ದರಿಂದ ಅದು ಕೊನೆಗೆ ಬರಲಿ ಎಂದು. ಇದು ಪಾಠಾಂತರವಲ್ಲ, ದಾಖಲೆ ತಿದ್ದುಪಡಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಇದು ನಡೆಯುತ್ತಿರಲಿಲ್ಲ. ಅಲ್ಲಿ ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಲಕ್ಷಗಟ್ಟಲೆ ಜನ ಕೆಮ್ಮುವುದನ್ನೂ ನಿಲ್ಲಿಸುತ್ತಾರೆ. ಭವಿಷ್ಯವಾಣಿ ಒಂದೇ ಸಾಲು. ನುಡಿದವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಒಂದು ಸಾಲನ್ನೇ ಮಳೆಗೆ, ಜೋಳದ ದರಕ್ಕೆ, ವಿಧಾನಸೌಧಕ್ಕೆ ವರ್ಷವಿಡೀ ಎಳೆದಾಡುತ್ತಾರೆ. ಆದರೆ ಪದಗಳನ್ನು ಹಿಂದುಮುಂದು ಮಾಡಿ ಹೇಳಿ ನೋಡಿ, ಹಡಗಲಿ ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ನಿಲ್ಲಿಸುತ್ತಾರೆ.

ಬೆಳಗಾಯಿತು. ಮೆಲಿಸಾಂಡ್ರ ಹಿಮದ ಮೇಲೆ ಒಬ್ಬಳೇ ನಡೆದುಹೋಗಿ ಕೊರಳ ಸರ ಬಿಚ್ಚಿ ಬಿಸಾಡಿ, ಮುದುಕಿಯಾಗಿ ಕುಸಿದಳು. ಇದರ ತಾತ್ಪರ್ಯ ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ.

“ಗೊತ್ತಾತು ಬಿಡು,” ಎಂದರು ಮಾವ, “ಮಂಗಳ ಆತು. ಡ್ರೆಸ್ಸಿನವರು ಸಾಮಾನು ಎಣಿಸಿಕೊಳ್ಳಾಕ ಬಂದಾರೆ. ಆದ್ರೆ ಬಾಡಿಗೆ ಸರ ಹಂಗ ನೆಲಕ್ಕೆ ಒಗೀಬಾರ್ದು, ಮಣಿ ಉದುರಿದ್ರೆ ರೊಕ್ಕ ಮುರ್ಕೊಂತಾರೆ.”

ಈ ಕಾಳಗವನ್ನು 55 ರಾತ್ರಿ ಚಿತ್ರೀಕರಿಸಿದರಂತೆ ಎಂದೆ.

ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬೆರಳು ಮಡಚುತ್ತಾ, “ಕಿರೀಟ ಬ್ಯಾರೆ, ಭುಜಕೀರ್ತಿ ಬ್ಯಾರೆ, ಐವತ್ತೈದು ರಾತ್ರಿ… ಲೇ, ಎಲ್ಲಾರೂ ಸತ್ರಲ್ಲ, ವಂತಿಗೆ ಯಾರ ಹತ್ರ ಎತ್ತಿದ್ರು?” ಎಂದರು.