ಕಾರಿಗೆ ಬಂದ ಜ್ವರ

ಅಮೆರಿಕದಲ್ಲಿ ಕನ್ನಡಿಗ ಕನ್ನಡಿಗನಿಗೆ ಹಳೇ ಕಾರು ಮಾರುವಾಗ ಹೇಳುವ ಮಾತು ಒಂದೇ: ‘ಮನೆ, ಆಫೀಸು, ದೇವಸ್ಥಾನ ಬಿಟ್ಟು ಬೇರೆಲ್ಲೂ ಹೋಗಿಲ್ಲ ಕಣ್ರೀ ಇದು.’ ಇಷ್ಟು ಸಾತ್ವಿಕ ಕಾರು ಒಂದೂವರೆ ಲಕ್ಷ ಮೈಲಿ ಹೇಗೆ ಓಡಿತು ಎಂದು ಕೇಳುವುದು ಮರ್ಯಾದೆಯಲ್ಲ. ಕೇಳದಿರಲೆಂದೇ ಜೊತೆಗೊಂದು ಪ್ರೆಷರ್ ಕುಕ್ಕರ್ ಪುಕ್ಕಟೆ ಕೊಡುತ್ತಾರೆ. ಫ್ರೀಮಾಂಟಿನ ನಮ್ಮ ಮನೆಗೆ ಹೀಗೆ ಬಂದ ಕಾರಿನಲ್ಲಿ ಎಂಜಿನ್ನಿನ ಶಾಖ ತೋರಿಸುವ ಮುಳ್ಳೇ ಇಲ್ಲ. ಇರುವುದು ಎರಡು ದೀಪ: ಎಂಜಿನ್ ತಣ್ಣಗಿದ್ದರೆ ನೀಲಿ, ಮಿತಿ ಮೀರಿ ಕಾದರೆ ಕೆಂಪು.

ಬಾಣಂತನಕ್ಕೆಂದು ತುಮಕೂರಿನಿಂದ ಬಂದ ಅತ್ತೆ ಮೊದಲು ಕಂಡದ್ದು ನೀಲಿ ದೀಪ. ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಹೊತ್ತಿಕೊಂಡು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಆರಿತು. ‘ಶೀತ ಆಗಿದೆ. ರಾತ್ರಿಯೆಲ್ಲ ಬಯಲಲ್ಲಿ ನಿಲ್ಲಿಸಿದ್ರೆ ಇನ್ನೇನಾಗುತ್ತೆ?’ ಎಂದರು. ಅಂದಿನಿಂದ ಕಾರಿನಲ್ಲಿ ಎ.ಸಿ. ನಿಷೇಧ. ಬಾಣಂತಿಗೂ ಆಗದು, ಕಾರಿಗೂ ಆಗದು.

ಕೆಂಪು ದೀಪ ದರ್ಶನ ಕೊಟ್ಟದ್ದು ಮಗುವನ್ನು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಕರೆದೊಯ್ಯುವಾಗ. 680 ಹೆದ್ದಾರಿಯ ಸುನೋಲ್ ಏರಿನಲ್ಲಿ ಕಾರುಗಳು ಸಾಲುಗಟ್ಟಿ ತೆವಳುತ್ತಿದ್ದವು, ದೀಪ ಮಿನುಗತೊಡಗಿತು. ಇಂಥ ಹೊತ್ತಿನ ಪ್ರಥಮ ಚಿಕಿತ್ಸೆ ಹೀಟರ್ ಹಾಕುವುದು. ಕಾರಿನ ಹೀಟರಿನೊಳಗೂ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಎಂಜಿನ್ನಿನ ಬಿಸಿಯನ್ನು ಎಳೆದು ನಮ್ಮ ಮುಖಕ್ಕೆ ಊದುತ್ತದೆ. ಗಾಜು ಇಳಿಸಿ, ಬಿಸಿಲಿನಲ್ಲೇ ಹೀಟರ್ ತಿರುಗಿಸಿದೆ.

‘ರೀ, ತಲೆ ಕೆಟ್ಟಿದೆಯಾ ನಿಮಗೆ?’ ಎಂದಳು ಹೆಂಡತಿ.

‘ಸುಮ್ನಿರೇ, ಈಗ ಬುದ್ಧಿ ಬಂದಿದೆ ಅವರಿಗೆ’ ಎಂದರು ಅತ್ತೆ. ‘ಗಾಜೊಂದು ಏರಿಸಿಬಿಡಿ ಅಳಿಯಂದ್ರೇ, ಬಾಣಂತಿ ಕಿವಿಗೆ ಗಾಳಿ ಹೊಗುತ್ತೆ.’

ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ನಿಲ್ಲಿಸೋಣ ಎನ್ನುವಷ್ಟರಲ್ಲಿ ದಾರಿ ಬಿಡುವಾಯಿತು. ಕಾರು ಓಡಿತು, ದೀಪ ಆರಿತು.

ದೇವಸ್ಥಾನದಲ್ಲಿ ಪುಳಿಯೋಗರೆ ಮುಂದಿಟ್ಟುಕೊಂಡು ಕನ್ನಡ ಬಳಗ ರೋಗಪರೀಕ್ಷೆಗೆ ಕುಳಿತಿತು. ಒಬ್ಬರು ಥರ್ಮೋಸ್ಟಾಟ್ ಎಂದರು, ಇನ್ನೊಬ್ಬರು ವಾಟರ್ ಪಂಪ್. ಮೂರನೆಯವರು ‘ಹೆಡ್ ಗ್ಯಾಸ್ಕೆಟ್’ ಎಂದದ್ದೇ ತಡ, ಎಲ್ಲರೂ ಅಗಿಯುವುದನ್ನು ನಿಲ್ಲಿಸಿ ನನ್ನತ್ತ ಅನುಕಂಪದಿಂದ ನೋಡಿದರು. ಮರುದಿನ ಒಂದು ವರ್ಕ್‌ಶಾಪಿನವರು ಯಾರ ಮನಸ್ಸನ್ನೂ ನೋಯಿಸದೆ ಮೂರನ್ನೂ ಪಟ್ಟಿಗೆ ಸೇರಿಸಿದರು. ಮೊತ್ತ ಕಾರಿನ ಬೆಲೆಯನ್ನು ಮುಟ್ಟುವಂತಿತ್ತು.

ಮಗುವಿಗೆ ಎಣ್ಣೆ ನೀವುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು: ‘ಅದಿರಲಿ, ಜ್ವರ ಯಾವಾಗ ಬರುತ್ತೆ? ಓಡೋವಾಗ್ಲೋ, ನಿಂತಾಗ್ಲೋ?’

ಇಷ್ಟು ಜನರಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಇದೊಂದೇ. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ನಿಂತಾಗ ಕಾದು ಓಡುವಾಗ ತಣಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗಲೂ ಕಾದರೆ ಪಂಪು, ಕಟ್ಟಿಕೊಂಡ ರೇಡಿಯೇಟರು ಅಥವಾ ಮುಚ್ಚಿಕೊಂಡೇ ಉಳಿದ ಥರ್ಮೋಸ್ಟಾಟ್. ನೀಲಿ ದೀಪ ಬಹಳ ಹೊತ್ತು ಆರದಿದ್ದರೆ ಅದೇ ಥರ್ಮೋಸ್ಟಾಟ್ ತೆರೆದುಕೊಂಡೇ ಉಳಿದಿರಬಹುದು. ಹೊರಗೆಲ್ಲೂ ಸೋರದೆ ಕೂಲೆಂಟ್ ಮತ್ತೆ ಮತ್ತೆ ಇಳಿದು, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ಆ ಪುಳಿಯೋಗರೆ ಕಹಿ ಮಾಡಿದ ಗ್ಯಾಸ್ಕೆಟ್ಟಿನ ಮಾತು. ನಮ್ಮ ಕಾರು ಕಾದದ್ದು ತೆವಳುವಾಗ, ತಣಿದದ್ದು ಓಡುವಾಗ. ಕೂಲೆಂಟ್ ಡಬ್ಬಿಯ ಎರಡು ಗೆರೆಗಳ ನಡುವೆ ನೆಮ್ಮದಿಯಾಗಿತ್ತು.

ಬಾನೆಟ್ ತೆರೆದು, ಎಂಜಿನ್ ಚಾಲೂ ಇಟ್ಟು, ಅತ್ತೆಯ ಅಪ್ಪಣೆ ಪಡೆದು ಎ.ಸಿ. ಹಾಕಿದೆ. ಎ.ಸಿ. ಹಾಕಿದರೆ ರೇಡಿಯೇಟರಿನ ಫ್ಯಾನು ತಿರುಗಬೇಕು. ತಿರುಗಲಿಲ್ಲ. ನಿಷೇಧವಿಲ್ಲದಿದ್ದರೆ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಎ.ಸಿ. ಬೆಚ್ಚಗೆ ಬೀಸಿ ಮೊದಲೇ ಸುಳಿವು ಕೊಡುತ್ತಿತ್ತು. ರೋಗ ಮುಚ್ಚಿಟ್ಟವರೂ ಅತ್ತೆ, ಹಿಡಿದುಕೊಟ್ಟವರೂ ಅತ್ತೆ. ಎರಡನೆಯದನ್ನು ಮಾತ್ರ ಬಾಯಿಬಿಟ್ಟು ಹೇಳುವಷ್ಟು ಸಂಸಾರಜ್ಞಾನ ನನಗಿದೆ.

ಫ್ಯೂಸ್ ಡಬ್ಬಿಯಲ್ಲಿ ಫ್ಯಾನಿನ ರಿಲೇಯೂ ಹಾರ್ನಿನ ರಿಲೇಯೂ ಒಂದೇ ನಮೂನೆಯವು. ಹಾರ್ನಿನದನ್ನು ಕಿತ್ತು ಫ್ಯಾನಿನದರ ಜಾಗಕ್ಕೆ ಸಿಕ್ಕಿಸಿದೊಡನೆ ಫ್ಯಾನು ಗುಂಯ್ ಎಂದಿತು. ಹೊಸ ರಿಲೇ ಬರುವವರೆಗೆ ಹಾರ್ನಿಲ್ಲದೆ ಓಡಾಡಿದರೂ ಯಾರಿಗೂ ತಿಳಿಯಲಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಾಗಿದ್ದರೆ ಕಾರಿದ್ದಲ್ಲೇ ಇರುತ್ತಿತ್ತು. ರಿಲೇಗೆ ಆದ ಖರ್ಚು ಇಲ್ಲಿನ ಎರಡು ಮಸಾಲೆ ದೋಸೆಯದು.

ಹಳೇ ಕಾರು ಇಟ್ಟುಕೊಂಡ ಬಂಧುಗಳೇ, ಕೆಂಪು ದೀಪ ಬಿಡದೆ ಉರಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಕಾದ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಎರಚುತ್ತದೆ. ಏನು ಕೆಟ್ಟಿದೆ ಎಂದು ಊಹಿಸುವ ಮೊದಲು ಯಾವಾಗ ಕಾಯುತ್ತದೆ ಎಂದು ಗಮನಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಕಿವಿಗೂ ಒಮ್ಮೆ ಹಾಕಿ. ವಿಸಿಟರ್ ವೀಸಾದಲ್ಲಿ ಅವರಿಗೆ ಸಾಮಾನ್ಯವಾಗಿ ಸಿಗುವುದು ಆರೇ ತಿಂಗಳು. ಕೆಡುವುದಿದ್ದರೆ ಕಾರು ಅಷ್ಟರೊಳಗೇ ಕೆಡಲಿ.